ದೇವರಾಯನದುರ್ಗದಲ್ಲಿ ಜನದಟ್ಟಣೆ: ಎಚ್ಚರ ಅಗತ್ಯ (ಕೊರೊನಾ ಲಾಕ್‌ಡೌನ್ ಸಡಿಲವಾದ ದಿನಗಳಲ್ಲಿ ಬರೆದ ಪತ್ರ)

ಮಾನ್ಯರೇ,

ಲಾಕ್‌ಡೌನ್ ಸಡಿಲವಾದ ಬಳಿಕ ತುಮಕೂರು ಸಮೀಪದ ದೇವರಾಯನದುರ್ಗ ಬೆಟ್ಟಕ್ಕೆ ಹಾಗೂ ಅದರ ಬಳಿಯ ನಾಮದ ಚಿಲುಮೆ ಎಂಬ ನೀರಿನ ಬುಗ್ಗೆಯ ತಾಣಕ್ಕೆ ಭಾನುವಾರಗಳಂದು ಜನ ಕಿಕ್ಕಿರಿದು ಬರುತ್ತಿದ್ದಾರೆ. ತಿಂಗಳುಗಟ್ಟಲೆ ಮನೆಯೊಳಗೇ ಉಳಿದವರಿಗೆ, ಅದರಲ್ಲೂ ಮಕ್ಕಳಿಗೆ, ಬೆಟ್ಟದ ಗಾಳಿ ಬೇಕೇ ಬೇಕು. ಅದನ್ನು ಯಾರೂ ತಡೆಯಬಾರದು. ತೆರೆದ ಬಯಲಿನಲ್ಲಿ ಕೊರೊನಾ ಹರಡುವ ಸಾಧ್ಯತೆ ಮುಚ್ಚಿದ ಕೋಣೆಗಿಂತ ಕಡಿಮೆಯೆಂಬುದು ನಿಜವಾದರೂ, ದೇವಸ್ಥಾನದ ಮೆಟ್ಟಿಲುಗಳಲ್ಲಿ, ತಿಂಡಿ ಅಂಗಡಿಗಳ ಮುಂದೆ ಮಾಸ್ಕ್ ಇಲ್ಲದೆ ಒತ್ತೊತ್ತಾಗಿ ನಿಂತರೆ ಆ ಅನುಕೂಲ ಉಳಿಯುವುದಿಲ್ಲ. ಬಳಸಿದ ಮಾಸ್ಕ್‌ಗಳನ್ನು ಕಾಡಿನಂಚಿನಲ್ಲಿ ಎಸೆದು ಹೋಗುವುದಂತೂ ಅಕ್ಷಮ್ಯ. ಅಲ್ಲಿನ ಕೋತಿಗಳು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತವೆ. ಜ್ವರ, ಕೆಮ್ಮು ಇರುವವರು ದಯವಿಟ್ಟು ಪ್ರವಾಸ ಮುಂದೂಡಲಿ. ಉಳಿದವರು ಸಾಧ್ಯವಾದರೆ ವಾರದ ನಡುವೆ ಬರಲಿ. ರಜಾದಿನಗಳಲ್ಲಿ ಬೆಟ್ಟದ ಬುಡದಲ್ಲೇ ವಾಹನಗಳ ಸಂಖ್ಯೆಗೆ ಮಿತಿ ಹಾಕಿ, ಮುಚ್ಚಳವಿರುವ ಕಸದ ತೊಟ್ಟಿಗಳನ್ನು ಇರಿಸಬೇಕೆಂದು ಜಿಲ್ಲಾಡಳಿತವನ್ನು ಹಾಗೂ ಅರಣ್ಯ ಇಲಾಖೆಯನ್ನು ಕೋರುತ್ತೇನೆ.

— ಓದುಗರೊಬ್ಬರು, ತುಮಕೂರು