ಹಳೆಯ ಪುಸ್ತಕಗಳನ್ನು ತೂಕಕ್ಕೆ ಹಾಕುವ ಮುನ್ನ

ಓದುಗ ಬಳಗದ ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಹಳೆಯ ಕಪಾಟುಗಳ ಧೂಳು ಒರೆಸಲಿದ್ದೇವೆ. ಬಿಡುವಿದ್ದವರು ಮೆತ್ತನೆಯ ಹತ್ತಿಬಟ್ಟೆಯೊಂದಿಗೆ ಬನ್ನಿ.

ಜೊತೆಗೆ ಗ್ರಂಥಪಾಲಕಿಯಾಗಿ ನನ್ನದೊಂದು ವಿನಂತಿ. ಮನೆ ಬದಲಿಸುವಾಗ ಅಜ್ಜ ಅಜ್ಜಿಯರ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಮೊದಲು ನನಗೊಮ್ಮೆ ತೋರಿಸಿ. ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಅಕ್ಷರಗಳ ಉಬ್ಬು ಇಂದಿಗೂ ಕೈಗೆ ತಾಗುತ್ತದೆ. ಆ ಸ್ಪರ್ಶವೆಂದರೆ ನನಗೆ ಪ್ರಾಣ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ನಿಘಂಟನ್ನೇ ನೋಡಿ: ಎಷ್ಟೋ ಪದಗಳ ಜೊತೆಗೆ ಗಾದೆಗಳೂ ಕಾವ್ಯಪ್ರಯೋಗಗಳೂ ಅದರಲ್ಲಿವೆ. ಮೊಬೈಲಿನಲ್ಲಿ ಸಿಗದ ಅರ್ಥಕ್ಕೆ ನಾನು ಈಗಲೂ ಅದನ್ನೇ ತೆರೆಯುತ್ತೇನೆ. ಕಳೆದ ವಾರ ಕಾಲೇಜು ಹುಡುಗಿಯೊಬ್ಬಳು ತನ್ನ ಅಜ್ಜಿ ಆಡುವ ಮಾತೊಂದನ್ನು ಅಲ್ಲಿ ಕಂಡು, ನಿಂತಲ್ಲೇ ಪುಟದ ಚಿತ್ರ ತೆಗೆದು ಊರಿಗೆ ಕಳುಹಿಸಿದಳು. ಅವಳ ಮುಖದ ಬೆಳಕು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹರಿದ ಪುಟಕ್ಕೆ ದಯವಿಟ್ಟು ಸೆಲ್ಲೋಟೇಪ್ ಹಚ್ಚಬೇಡಿ. ಅದರ ಅಂಟು ಹಳದಿಗಟ್ಟಿ ಕಾಗದವನ್ನೇ ಕೆಡಿಸುತ್ತದೆ. ಇದ್ದಂತೆಯೇ ತನ್ನಿ, ತೆಳುಕಾಗದ ಮತ್ತು ಗೋಧಿ ಅಂಟಿನಿಂದ ಸರಿಪಡಿಸಿಕೊಡುತ್ತೇನೆ. ಹುಳು ಹಿಡಿದ ಪುಸ್ತಕಗಳಿದ್ದರೆ ಬೇರೆ ಚೀಲದಲ್ಲಿ ಕಟ್ಟಿ ತನ್ನಿ. ಉಳಿದವುಗಳ ಜೊತೆ ಸೇರಿಸಬೇಡಿ.