ಕೇಳಿಸಿದ್ದನ್ನು ಕೇಳಿಸಿದಂತೆಯೇ ಬರೆದುಕೊಟ್ಟವರಿಗೆ

ಕಳೆದ ಶುಕ್ರವಾರ ನಮ್ಮ ಕೋಡ್ ಎಡಿಟರಿನ, ಅಂದರೆ ಪ್ರೋಗ್ರಾಮ್ ಬರೆಯಲು ಬಳಸುವ ತಂತ್ರಾಂಶದ, ಹೊಸ ಆವೃತ್ತಿ ಬಿಡುಗಡೆಯಾಯಿತು. ಕಣ್ಣು ಕಾಣದ ಪ್ರೋಗ್ರಾಮರ್ ಒಬ್ಬರು ವಿಂಡೋಸ್, ಮ್ಯಾಕ್, ಲಿನಕ್ಸ್ ಈ ಮೂರರಲ್ಲಿ ಯಾವುದನ್ನೇ ಬಳಸುತ್ತಿರಲಿ, ಫೈಲ್ ತೆರೆಯುವುದರಿಂದ ಹಿಡಿದು ತಪ್ಪು ಹುಡುಕಿ, ತಿದ್ದಿ, ಓಡಿಸಿ ನೋಡುವವರೆಗಿನ ಎಲ್ಲ ಕೆಲಸವನ್ನೂ ಪಕ್ಕದ ಮೇಜಿನವರನ್ನು ಕರೆಯದೆ ಮಾಡಿಕೊಳ್ಳಬಹುದಾದ ನಮ್ಮ ಮೊದಲ ಆವೃತ್ತಿ ಇದು. ಇದಕ್ಕೆ ಮೂರು ವರ್ಷ ಹಿಡಿಯಿತು. ಸಂಬಳ ಯಾರಿಗೂ ಇರಲಿಲ್ಲ. ಕೆಲಸವೆಲ್ಲ ನಡೆದದ್ದು ಭಾನುವಾರಗಳಲ್ಲಿ ಮತ್ತು ರಾತ್ರಿಯ ಊಟವಾದ ಮೇಲೆ. ಕೈಜೋಡಿಸಿದವರಲ್ಲಿ ಹೆಚ್ಚಿನವರು ತಮ್ಮ ಹೆಸರು ಹಾಕಬಾರದೆಂದು ಹೇಳಿರುವುದರಿಂದ ಊರನ್ನೂ ಮಾಡಿದ ಕೆಲಸವನ್ನೂ ಹೇಳಿ ನೆನೆಯುತ್ತೇನೆ. ಓದಿದರೆ ಅವರವರಿಗೆ ತಮ್ಮ ಗುರುತು ಹತ್ತುತ್ತದೆ.

ಕಣ್ಣು ಕಾಣದವರಿಗೆ ಕಂಪ್ಯೂಟರಿನಲ್ಲಿರುವುದನ್ನು ಮಾತಿನಲ್ಲಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಹಾಗೆಂದ ಕೂಡಲೇ ಅದು ಪರದೆಯನ್ನು ನೋಡಿ ಓದುತ್ತದೆ ಎಂದು ಬಹಳ ಜನ ತಿಳಿಯುತ್ತಾರೆ. ತಪ್ಪು ಅವರದಲ್ಲ, ಆ ಹೆಸರಿನದು. ‘ಇದು ಬಟನ್, ಇದರ ಹೆಸರು ಸೇವ್, ಸದ್ಯಕ್ಕೆ ಇದನ್ನು ಒತ್ತಲು ಬರುವುದಿಲ್ಲ’ ಎಂದು ಪ್ರತಿಯೊಂದು ತಂತ್ರಾಂಶವೂ ಆಪರೇಟಿಂಗ್ ಸಿಸ್ಟಮ್ಮಿನ ಮೂಲಕ ತನ್ನನ್ನು ತಾನೇ ಪರಿಚಯಿಸಿಕೊಂಡರೆ ಮಾತ್ರ ಸ್ಕ್ರೀನ್ ರೀಡರಿಗೆ ಹೇಳಲು ಏನಾದರೂ ಸಿಗುತ್ತದೆ. ನಮ್ಮ ಎಡಿಟರ್ ಅಕ್ಷರಗಳನ್ನು ತಾನೇ ಚಿತ್ರದಂತೆ ಬಿಡಿಸುತ್ತಿತ್ತಾದ್ದರಿಂದ ಕಣ್ಣಿದ್ದವರಿಗೆ ಸಾವಿರ ಸಾಲಿನ ಕೋಡ್ ಕಾಣುತ್ತಿದ್ದ ಜಾಗದಲ್ಲಿ ನನಗೆ ಒಂದು ಖಾಲಿ ಚೌಕ ಮಾತ್ರ ಇತ್ತು. ಅದನ್ನು ತುಂಬಿಸಬೇಕೆಂದರೆ ಮೂರು ಬೇರೆ ಬೇರೆ ದಾರಿಗಳಲ್ಲಿ ಮಾತಾಡಬೇಕು: ವಿಂಡೋಸ್‌ನಲ್ಲಿ ಐಬಿಎಂ ಕಂಪನಿ 2006ರಲ್ಲಿ ಮುಕ್ತ ಮಾನದಂಡವಾಗಿ ಬಿಟ್ಟುಕೊಟ್ಟ ಐಆಕ್ಸೆಸಿಬಲ್2, ಮ್ಯಾಕ್‌ನಲ್ಲಿ ಆಪಲ್‌ನದೇ ಆದ ಎನ್‌ಎಸ್‌ಆಕ್ಸೆಸಿಬಿಲಿಟಿ, ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ. ಆ ಕಡೆ ಕೇಳಿಸಿಕೊಳ್ಳುವವರೂ, ಅಂದರೆ ಸ್ಕ್ರೀನ್ ರೀಡರುಗಳೂ, ಅದೇ ಕ್ರಮದಲ್ಲಿ ಮೂವರು: ಎನ್‌ವಿಡಿಎ, ವಾಯ್ಸ್‌ಓವರ್, ಓರ್ಕಾ. ಒಬ್ಬರಿಗೆ ಹೇಳಿದ ಮಾತು ಇನ್ನೊಬ್ಬರಿಗೆ ಅದೇ ಅರ್ಥದಲ್ಲಿ ತಲುಪುತ್ತದೆ ಎನ್ನುವ ಖಾತ್ರಿ ಇಲ್ಲ.

ಮೊದಲ ಕೃತಜ್ಞತೆ ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿರುವ ಗೆಳೆಯರಿಗೆ. ಲಿನಕ್ಸ್ ಭಾಗವನ್ನು ಬಹುಮಟ್ಟಿಗೆ ಅವರೊಬ್ಬರೇ ಬರೆದರು. ಆದರೆ ನಾನು ಋಣಿಯಾಗಿರುವುದು ಅದಕ್ಕಿಂತ ಹೆಚ್ಚಾಗಿ ಅವರು ತಮ್ಮ ಒಂದು ಅಭ್ಯಾಸವನ್ನು ಬಿಟ್ಟದ್ದಕ್ಕೆ. ಮೊದಮೊದಲು ಅವರಿಂದ ಬರುತ್ತಿದ್ದ ವರದಿಗಳಲ್ಲಿ ‘ಓರ್ಕಾ ಸರಿಯಾಗಿ ಓದುತ್ತಿದೆ’ ಎಂದಿರುತ್ತಿತ್ತು, ನನ್ನ ಯಂತ್ರದಲ್ಲಿ ನೋಡಿದರೆ ಅದು ಸರಿಯಾಗಿ ಓದುತ್ತಿರಲಿಲ್ಲ. ಇದರ ಮೇಲೆ ನಮ್ಮಿಬ್ಬರಿಗೆ ಫೋನಿನಲ್ಲಿ ಸಣ್ಣ ಜಗಳವೂ ಆಗಿದೆ. ಆಮೇಲೊಂದು ರಾತ್ರಿ ಪರದೆಯ ಬೆಳಕನ್ನು ಪೂರ್ತಿ ಇಳಿಸಿ ಕೂತ ಅವರು ಹತ್ತು ನಿಮಿಷಕ್ಕೆಲ್ಲ ನನಗೆ ಫೋನ್ ಮಾಡಿ, ‘ನಾ ಇಷ್ಟ್ ದಿನ ಕಣ್ಣಿಲೆ ನೋಡಿದ್ದನ್ನ ಕಿವಿಲೆ ಕೇಳೇನಿ ಅಂತ ತಿಳ್ಕೊಂಡಿದ್ದೆ ನೋಡ್ರಿ’ ಎಂದರು. ಓರ್ಕಾ ಅರ್ಧ ಸಾಲು ಹೇಳಿ ನಿಲ್ಲಿಸಿದಾಗ ಉಳಿದ ಅರ್ಧವನ್ನು ಅವರ ಕಣ್ಣು ಸೇರಿಸಿಕೊಡುತ್ತಿತ್ತು.

ಅಲ್ಲಿಂದ ಮುಂದೆ ಅವರ ವರದಿಗಳ ಧಾಟಿಯೇ ಬದಲಾಯಿತು. ಒಂದನ್ನು ಇದ್ದಂತೆಯೇ ಕೊಡುತ್ತೇನೆ: ‘ಕೆಳಬಾಣ ಒತ್ತಿದೆ. ಖಾಲಿ ಎಂದಿತು. ಮತ್ತೆ ಒತ್ತಿದೆ. ಏನೂ ಹೇಳಲಿಲ್ಲ. ಮೂರನೆಯ ಸಲ ಒತ್ತಿದಾಗ ಎರಡು ಸಾಲನ್ನು ಒಟ್ಟಿಗೆ ಹೇಳಿತು. ನಡುವೆ ಉಸಿರು ಬಿಡಲಿಲ್ಲ.’ ಇದರಲ್ಲಿ ಅಭಿಪ್ರಾಯವಿಲ್ಲ, ಊಹೆಯಿಲ್ಲ, ಸರಿ ತಪ್ಪು ಎಂಬ ತೀರ್ಪೂ ಇಲ್ಲ. ಇಂಥ ನಾಲ್ಕು ವಾಕ್ಯ ಸಿಕ್ಕರೆ ತಪ್ಪು ಎಲ್ಲಿದೆಯೆಂದು ಅರ್ಧ ದಾರಿ ಗೊತ್ತಾದಂತೆ. ಆಮೇಲೆ ಬಂದು ಸೇರಿದವರಿಗೆಲ್ಲ ನಾವು ಹಾಕಿದ ಷರತ್ತು ಇದೊಂದೇ: ಏನು ಕೇಳಿಸಬೇಕಿತ್ತು ಎನ್ನುವುದನ್ನು ಬದಿಗಿಟ್ಟು ಏನು ಕೇಳಿಸಿತೋ ಅದನ್ನು ಬರೆಯಿರಿ.

ಎರಡನೆಯವರು ವಿಜಯಪುರದ ಅಕ್ಕ, ಪುಣೆಯಲ್ಲೇ ಕೆಲಸದಲ್ಲಿರುವವರು. ಅವರಿಗೆ ಕಿವಿಯೂ ಅಷ್ಟಾಗಿ ಕೇಳಿಸದ ಕಾರಣ ಅವರು ಬಳಸುವುದು ಬ್ರೈಲ್ ಡಿಸ್‌ಪ್ಲೇ. ನಲವತ್ತು ಮನೆಗಳ ಒಂದು ಪಟ್ಟಿ. ಪ್ರತಿ ಮನೆಯಲ್ಲೂ ಚುಕ್ಕಿಗಳು ಏಳುತ್ತ ಇಳಿಯುತ್ತ ಅಕ್ಷರವಾಗುತ್ತವೆ, ಪ್ರತಿ ಮನೆಯ ಮೇಲೂ ಒಂದು ಪುಟ್ಟ ಗುಂಡಿ ಇರುತ್ತದೆ, ಯಾವ ಗುಂಡಿ ಒತ್ತಿದರೆ ಕರ್ಸರ್ ಆ ಅಕ್ಷರಕ್ಕೆ ಬರಬೇಕು. ನಮ್ಮ ಎಡಿಟರಿನಲ್ಲಿ ಬರುತ್ತಿತ್ತು, ಆದರೆ ಕೆಲವು ಸಾಲುಗಳಲ್ಲಿ ಬರುತ್ತಿರಲಿಲ್ಲ. ಅದು ಎಂಥ ಸಾಲುಗಳಲ್ಲಿ ಎಂದು ಕಂಡುಹಿಡಿದದ್ದು ಅವರು: ಕನ್ನಡ ಇದ್ದ ಸಾಲುಗಳಲ್ಲಿ.

ಅವರು ಕಳಿಸಿದ ಉದಾಹರಣೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದೇ ಸಾಲು. ಪ್ರಿಂಟ್ ಎಂದು ಬರೆದು, ಆವರಣ ತೆರೆದು, ಉದ್ಧರಣ ಚಿಹ್ನೆಗಳ ನಡುವೆ ‘ಲೆಕ್ಕ’ ಎಂಬ ಪದ, ಅಲ್ಪವಿರಾಮ, ಒಂದು ತೆರಪು, ಆಮೇಲೆ ಟೋಟಲ್ ಎಂಬ ವೇರಿಯಬಲ್. ‘ಲೆಕ್ಕ’ ಎನ್ನುವುದು ಕಣ್ಣಿಗೆ ಎರಡು ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ಲಕಾರ, ಎತ್ವ, ಕಕಾರ, ವಿರಾಮ, ಮತ್ತೆ ಕಕಾರ ಎಂದು ಐದು. ಯುಟಿಎಫ್-8 ಪದ್ಧತಿಯಲ್ಲಿ ಫೈಲಿನೊಳಗೆ ಸಂಗ್ರಹವಾಗುವಾಗ ಒಂದೊಂದಕ್ಕೂ ಮೂರು ಬೈಟ್ (8 ಬಿಟ್‌ನ ತುಣುಕು) ಬೇಕಾದ್ದರಿಂದ ಹದಿನೈದು. ಸ್ಕ್ರೀನ್ ರೀಡರ್ ಐದೆಂದು ಎಣಿಸುತ್ತಿತ್ತು, ನಮ್ಮ ಎಡಿಟರ್ ಹದಿನೈದೆಂದು ಎಣಿಸುತ್ತಿತ್ತು. ಟೋಟಲ್ ಶುರುವಾಗುವುದು 15 ಅಕ್ಷರಗಳನ್ನು ಬಿಟ್ಟು. ಅಕ್ಕ ಅದರ ಮೇಲಿನ ಗುಂಡಿ ಒತ್ತಿದಾಗ ಎಡಿಟರ್ 15 ಬೈಟ್‌ಗಳನ್ನು ಬಿಟ್ಟು ನಿಲ್ಲುತ್ತಿತ್ತು. ಆ ಜಾಗ ಯಾವುದೆಂದು ನಾನು ಕೈಬೆರಳಿನಲ್ಲಿ ಎಣಿಸಿ ನೋಡಿದೆ. ಅದು ‘ಲೆಕ್ಕ’ದ ಮೊದಲ ಕಕಾರದ ಹೊಟ್ಟೆಯೊಳಗೆ, ಎರಡನೆಯ ಬೈಟ್ ಮುಗಿದು ಮೂರನೆಯದು ಶುರುವಾಗುವಲ್ಲಿ. ಅಲ್ಲಿ ನಿಂತು ಏನಾದರೂ ಟೈಪ್ ಮಾಡಿದರೆ ಅಕ್ಷರ ಒಡೆದು ಫೈಲೇ ಕೆಡುತ್ತದೆ. ಅಕ್ಕನ ಒಂದು ದಿನದ ಕೆಲಸ ಹಾಗೆ ಕೆಟ್ಟುಹೋಯಿತು. ತಪ್ಪು ಪೂರ್ತಿ ನಮ್ಮದು. ಅವರು ಬೈಯಲಿಲ್ಲ; ಕೆಟ್ಟ ಫೈಲನ್ನು ಜೋಪಾನವಾಗಿ ಎತ್ತಿಟ್ಟು, ‘ಇದು ನಿಮಗೆ ಉಪಯೋಗಕ್ಕೆ ಬಂದೀತು’ ಎಂದು ಕಳಿಸಿಕೊಟ್ಟರು. ಕಿವಿಯಿಂದ ಕೆಲಸ ಮಾಡುವ ನನಗೆ ಆ ತಪ್ಪು ತಿಂಗಳುಗಟ್ಟಲೆ ಗೊತ್ತಾಗಿರಲಿಲ್ಲ. ಕರ್ಸರ್ ಎಲ್ಲೋ ಸ್ವಲ್ಪ ಆಚೀಚೆ ಆಗಿದೆ ಎಂದುಕೊಂಡು ಮತ್ತೆ ಬಾಣ ಒತ್ತಿ ಸರಿಮಾಡಿಕೊಳ್ಳುತ್ತಿದ್ದೆ. ಬೆರಳಿಗೆ ಮಾತ್ರ ಆಚೀಚೆ ಎನ್ನುವುದು ನಡೆಯುವುದಿಲ್ಲ.

ಅದನ್ನು ಸರಿಪಡಿಸಿದ ಮೇಲೆ ಎಲ್ಲ ಮುಗಿಯಿತೆಂದು ನಾನು ಹಿಗ್ಗಿದ್ದೂ ಆಯಿತು. ಬೈಟ್‌ಗಳ ಬದಲು 16 ಬಿಟ್‌ನ ಘಟಕಗಳಲ್ಲಿ ಎಣಿಸುವಂತೆ ಮಾಡಿದ್ದೆವು. ಕನ್ನಡದ ಪ್ರತಿ ಸಂಕೇತವೂ ಅಂಥ ಒಂದೇ ಘಟಕವಾದ್ದರಿಂದ ಮೂರು ಕಡೆಯೂ ಲೆಕ್ಕ ಸರಿಹೋಯಿತು. ಎರಡು ವಾರದ ಮೇಲೆ ಧಾರವಾಡದ ಗೆಳೆಯರಿಗೆ ವಿದ್ಯಾರ್ಥಿಯೊಬ್ಬನ ಕೋಡ್‌ನಲ್ಲಿ ನಗುವ ಮುಖದ ಎಮೋಜಿ ಸಿಕ್ಕಿತು. ಎಮೋಜಿ ವಿಂಡೋಸ್‌ಗೂ ಮ್ಯಾಕ್‌ಗೂ ಎರಡು ಘಟಕ, ಲಿನಕ್ಸ್‌ನ ಎಟಿ-ಎಸ್‌ಪಿಐಗೆ ಒಂದೇ ಅಕ್ಷರ. ಓರ್ಕಾ ಒಂದು ಹೆಜ್ಜೆ ತಪ್ಪಿತು. ಕೊನೆಗೆ ಒಂದೊಂದು ದಾರಿಗೂ ಅದರದರ ಎಣಿಕೆಯನ್ನೇ ಬೇರೆಯಾಗಿ ಬರೆದೆವು. ಮೊದಲ ದಿನವೇ ಹಾಗೆ ಮಾಡಬೇಕಿತ್ತು.

ಈ ನಡುವೆ ನಾನಿದ್ದ ಕಂಪನಿ ತನ್ನ ದಿನನಿತ್ಯದ ತಂತ್ರಾಂಶವನ್ನು ಬದಲಾಯಿಸಿತು. ಹೊಸದರಲ್ಲಿ ಯಾವುದಕ್ಕೂ ಹೆಸರಿರಲಿಲ್ಲ. ಟ್ಯಾಬ್ ಒತ್ತಿದಷ್ಟು ಸಲವೂ ‘ಬಟನ್, ಬಟನ್, ಬಟನ್’ ಎಂದಷ್ಟೇ ಕೇಳಿಸುತ್ತಿತ್ತು. ಐದು ತಿಂಗಳು ಮನೆಯಲ್ಲಿ ಕೂತೆ. ಆ ಐದು ತಿಂಗಳಲ್ಲಿ ನನ್ನಿಂದ ಒಂದು ಸಾಲು ಕೋಡ್ ಹೊರಡದಿದ್ದರೂ ಈ ಇಬ್ಬರಿಂದ ವಾರಕ್ಕೊಂದು ವರದಿ ಬರುವುದು ನಿಲ್ಲಲಿಲ್ಲ. ಯಾರೂ ಸಮಾಧಾನದ ಮಾತು ಬರೆಯಲಿಲ್ಲ. ‘ಕೆಳಬಾಣ ಒತ್ತಿದೆ’ ಎಂದೇ ಶುರುವಾಗುತ್ತಿತ್ತು. ಅದಕ್ಕೆ ನಾನು ಎಷ್ಟು ಋಣಿ ಎಂದು ಅವರಿಗೆ ಈವರೆಗೆ ಹೇಳಿರಲಿಲ್ಲ.

ಮುಂಬಯಿಯಲ್ಲಿ ನಮ್ಮ ಭಾನುವಾರಗಳೆಲ್ಲ ಮಾಟುಂಗದ ಗೆಳೆಯನೊಬ್ಬನ ಮನೆಯಲ್ಲಿ ಕಳೆದವು. ಡೊಂಬಿವಲಿಯಿಂದ ನಾನು ಹೊರಡುವ ಹೊತ್ತಿಗೆ ಮಾಟುಂಗ–ಮುಲುಂಡ್ ನಡುವೆ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ರೈಲು ತಡೆಯುವುದು, ಮಾಮೂಲು. ತಡವಾಗಿ ತಲುಪಿದರೂ ಗೆಳೆಯನ ತಾಯಿ ನೀರುದೋಸೆಯ ಹಿಟ್ಟನ್ನು ಉಳಿಸಿಟ್ಟಿರುತ್ತಿದ್ದರು. ಊಟದ ಮೇಜಿನ ಮೇಲೆ ಮೂರು ಲ್ಯಾಪ್‌ಟಾಪ್‌ಗಳನ್ನು ಸಾಲಾಗಿ ಇಟ್ಟು, ಮೂರರಲ್ಲೂ ಒಂದೇ ಕೀಲಿಯನ್ನು ಒತ್ತಿ ಕೇಳುವುದು ನಮ್ಮ ಪರೀಕ್ಷೆ. ನನಗೆ ಅಭ್ಯಾಸವಾದ ವೇಗದಲ್ಲಿ ಸ್ಕ್ರೀನ್ ರೀಡರ್ ಮಾತಾಡಿದರೆ ಹೊಸಬರಿಗೆ ಅದು ಹಂಚಿನ ಮೇಲೆ ಸಾಸಿವೆ ಸಿಡಿದಂತೆ ಕೇಳಿಸುತ್ತದೆ. ಅಮ್ಮನಿಗೂ ಒಂದು ಪದ ತಿಳಿಯುತ್ತಿರಲಿಲ್ಲ. ಆದರೂ ಒಂದು ಭಾನುವಾರ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದವರು ನಿಂತು, ‘ಆ ತೆಳ್ಳಗಿನದ್ದು ಹೇಳಿದ್ದನ್ನೇ ಎರಡೆರಡು ಸಲ ಹೇಳ್ತದಲ್ಲ ಮಾರಾಯ, ಅದಕ್ಕೂ ಅರಳುಮರಳಾ?’ ಎಂದು ಕೇಳಿದರು.

ತೆಳ್ಳಗಿನದ್ದೆಂದರೆ ಮ್ಯಾಕ್. ನಾವಿಬ್ಬರೂ ಪದಗಳ ಮೇಲೆ ಗಮನವಿಟ್ಟು ಅದನ್ನು ಗಮನಿಸಿಯೇ ಇರಲಿಲ್ಲ. ಟೈಪ್ ಮಾಡುವಾಗ ಪದವನ್ನು ಪೂರ್ತಿಮಾಡಿಕೊಡಲು ಒಂದು ಸಣ್ಣ ಪಟ್ಟಿ ತೆರೆದುಕೊಳ್ಳುತ್ತದೆ. ಅದು ತೆರೆದದ್ದು ಓರ್ಕಾಗೆ ತಿಳಿಯುತ್ತಿರಲಿಲ್ಲವೆಂದು ‘ಇದನ್ನು ಹೇಳು’ ಎಂಬ ಒಂದು ಪ್ರಕಟಣೆಯನ್ನು ಮೂರಕ್ಕೂ ಸೇರಿದ ಭಾಗದಲ್ಲಿ ನಾನೇ ಹಾಕಿದ್ದೆ. ವಿಂಡೋಸ್‌ನಲ್ಲಿ ಆ ಪ್ರಕಟಣೆಯ ಜೋಡಣೆ ಇನ್ನೂ ಆಗಿರದ ಕಾರಣ ಅಲ್ಲಿ ಏನೂ ಬದಲಾಗಲಿಲ್ಲ. ಮ್ಯಾಕ್‌ನಲ್ಲಿ ಮಾತ್ರ ಪಟ್ಟಿಯ ಆಯ್ಕೆ ಬದಲಾದ ಸೂಚನೆಯೂ ಹೋಗುತ್ತಿತ್ತು, ನನ್ನ ಪ್ರಕಟಣೆಯೂ ಹೋಗುತ್ತಿತ್ತು. ಒಬ್ಬನ ಮೌನಕ್ಕೆ ಕೊಟ್ಟ ಮದ್ದು ಇನ್ನೊಬ್ಬನಿಗೆ ಅರಳುಮರಳಾಯಿತು. ನಮ್ಮ ತಪ್ಪುಗಳ ಪಟ್ಟಿಯಲ್ಲಿ ಅದನ್ನು ವರದಿ ಮಾಡಿದವರು ‘ಮಾಟುಂಗದ ಅಮ್ಮ’ ಎಂದೇ ದಾಖಲಾಗಿದೆ.

ನಮಗಿಂತ ಮೊದಲು ದಾರಿ ಮಾಡಿದವರನ್ನು ನೆನೆಯದಿದ್ದರೆ ಲೋಪವಾದೀತು. ಪುಣೆಯಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು, ಪುಣೆ ವಿಶ್ವವಿದ್ಯಾಲಯದಲ್ಲೂ ಮುಂಬಯಿಯ ಐಐಟಿಯಲ್ಲೂ ಓದಿದ ಟಿ. ವಿ. ರಾಮನ್ ಅವರು 1995ರಲ್ಲಿ ಎಮ್ಯಾಕ್‌ಸ್ಪೀಕ್ ಹೊರತಂದರು. ಪರದೆಯ ಮೇಲಿನದನ್ನು ಹೊರಗಿನಿಂದ ಹೇಳುವ ಬದಲು ಎಡಿಟರಿನ ಒಳಗಿನಿಂದಲೇ, ಅರ್ಥ ತಿಳಿದು ಮಾತಾಡುವ ವ್ಯವಸ್ಥೆ ಅದು. ಕಣ್ಣಿದ್ದವರಿಗೆ ಕೋಡ್‌ನಲ್ಲಿ ಬಣ್ಣಗಳಿರುವಂತೆ ಅದರಲ್ಲಿ ಬೇರೆ ಬೇರೆ ಧ್ವನಿಗಳಿವೆ. ನಮ್ಮ ಎಡಿಟರಿನಲ್ಲಿ ಕಾಮೆಂಟುಗಳು, ಅಂದರೆ ಕೋಡ್‌ನ ನಡುವೆ ಓದುವವರಿಗೆಂದು ಬರೆದ ಟಿಪ್ಪಣಿಗಳು, ಬೇರೆ ಧ್ವನಿಯಲ್ಲಿ ಕೇಳಿಸುವುದು ಅಲ್ಲಿಂದ ಕಲಿತದ್ದು. ಸ್ವತಃ ಕಣ್ಣು ಕಾಣದ ಮೈಕಲ್ ಕರನ್ ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಎನ್‌ವಿಡಿಎ ಶುರುಮಾಡಿ, ಜೇಮ್ಸ್ ಟೆ ಅವರ ಜೊತೆಗೂಡಿ ಬೆಳೆಸಿ, ಉಚಿತವಾಗಿ ಹಂಚದೇ ಹೋಗಿದ್ದರೆ ನನ್ನಂಥವನು ಈ ಕೆಲಸಕ್ಕೆ ಬರುವುದೇ ಆಗುತ್ತಿರಲಿಲ್ಲ. ಪೈಥಾನ್‌ನಲ್ಲಿ ಸಾಲು ಎಷ್ಟು ಒಳಗೆ ಸರಿದಿದೆ ಎನ್ನುವುದರ ಮೇಲೆ ಅರ್ಥವೇ ನಿಂತಿರುತ್ತದೆ. ಒಳಸರಿದಷ್ಟೂ ಏರುವ ಸ್ವರದಲ್ಲಿ ಎನ್‌ವಿಡಿಎ ಅದನ್ನು ತಿಳಿಸಬಲ್ಲದು. ತಪ್ಪಿರುವ ಸಾಲಿಗೆ ನಾವು ಇಟ್ಟುಕೊಂಡಿರುವ ಸದ್ದು ಮಾತ್ರ ಮುಂಬಯಿ ಲೋಕಲ್‌ನಿಂದ ಬಂದದ್ದು: ಅಂಗವಿಕಲರ ಡಬ್ಬಿ ಬಂದು ನಿಲ್ಲುವ ಜಾಗವನ್ನು ತಿಳಿಸಲು ಪ್ಲಾಟ್‌ಫಾರ್ಮಿನಲ್ಲಿ ಕೂಗುತ್ತಿರುವ ಬೀಪರಿನ ಅಣಕು. ಡೊಂಬಿವಲಿಯ ಗದ್ದಲದಲ್ಲೂ ತಪ್ಪದೆ ಕೇಳಿಸುವ ಸದ್ದು ಎಡಿಟರಿನಲ್ಲಿ ಕೇಳಿಸದೇ ಇದ್ದೀತೆ?

ಇನ್ನು ಅಪ್ಪ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಫೋರ್ಟ್‌ನ ಹೋಟೆಲೊಂದರಲ್ಲಿ ದುಡಿಯುತ್ತ, ಕನ್ನಡದ ರಾತ್ರಿಶಾಲೆಯಲ್ಲಿ ಓದಿದವರು ಅವರು. ಹನ್ನೊಂದನೆಯ ವಯಸ್ಸಿಗೆ ನನ್ನ ಕಣ್ಣು ಪೂರ್ತಿ ಹೋದ ಮೇಲೆ ಪುಸ್ತಕಗಳನ್ನು ಓದಿ ಹೇಳಿದ್ದು ಅವರೇ. ಕಾಲೇಜಿನ ಸಿ ಭಾಷೆಯ ಪುಸ್ತಕವನ್ನೂ ಬಿಡಲಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದುದರಿಂದ ಪದಗಳನ್ನು ಅಕ್ಷರ ಬಿಡಿಸಿ ಹೇಳುತ್ತಿದ್ದರು, ಚಿಹ್ನೆಗಳಿಗೆ ತಮ್ಮದೇ ಹೆಸರಿಟ್ಟುಕೊಂಡಿದ್ದರು. ಸುರುಳಿ ಆವರಣ ಅವರ ಬಾಯಲ್ಲಿ ಮೀಸೆ: ತೆರೆಯುವುದು ಎಡಮೀಸೆ, ಮುಚ್ಚುವುದು ಬಲಮೀಸೆ. ಎನ್‌ವಿಡಿಎಯಲ್ಲಿ ಚಿಹ್ನೆಗಳ ಉಚ್ಚಾರಣೆಯನ್ನು ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು. ಇಂದಿಗೂ ನನ್ನ ಯಂತ್ರ, ಬರಹವನ್ನು ಮಾತಾಗಿಸುವ ಇಸ್ಪೀಕ್ ತಂತ್ರಾಂಶದ ಕನ್ನಡ ಧ್ವನಿಯಲ್ಲಿ, ಎಡಮೀಸೆ ಎಂದೇ ಓದುತ್ತದೆ. ಅಪ್ಪನಿಗೆ ಅದನ್ನು ಕೇಳಿಸಿದಾಗ, ‘ಬಲದ್ದನ್ನು ಮರೆತೀಯ ಮತ್ತೆ’ ಎಂದು ಎಚ್ಚರಿಸಿದರು. ನಾನು ಬರೆದ ಪ್ರೋಗ್ರಾಮುಗಳು ಓಡದೇ ನಿಲ್ಲಲು ಆಗೆಲ್ಲ ಅದೇ ಕಾರಣವಾಗಿರುತ್ತಿತ್ತೆಂದು ಅವರಿಗೆ ನೆನಪಿದೆ.

ಕೆಲಸ ಪೂರ್ತಿ ಮುಗಿದಿಲ್ಲ. ಬಿಡುಗಡೆಯಾದ ಮರುದಿನವೇ ವಿಜಯಪುರದ ಅಕ್ಕನಿಂದ ಪತ್ರ ಬಂದಿದೆ: ‘ಹುಡುಕುವ ಪೆಟ್ಟಿಗೆ ತೆರೆದೆ. ಬ್ರೈಲ್ ಪಟ್ಟಿಯ ಮೇಲೆ ಹಳೆಯ ಸಾಲೇ ಉಳಿಯಿತು. ಎಸ್ಕೇಪ್ ಒತ್ತಿದೆ. ಈಗ ಹುಡುಕುವ ಪೆಟ್ಟಿಗೆ ಬಂತು.’ ಧಾರವಾಡದ ಗೆಳೆಯರು ಈ ಭಾನುವಾರ ಬೆಳಗಿನ ಡೆಕ್ಕನ್ ಕ್ವೀನ್ ರೈಲಿಗೆ ಹೊರಟು ಬರುತ್ತಿದ್ದಾರೆ, ಅಕ್ಕನೂ ಜೊತೆಗೆ ಬರುವೆನೆಂದಿದ್ದಾರೆ. ಮಾಟುಂಗದ ಅಮ್ಮನಿಗೆ ಒಂದು ಸೇರು ಅಕ್ಕಿ ಹೆಚ್ಚಿಗೆ ನೆನೆಹಾಕಲು ಹೇಳಿದ್ದೇನೆ.