ವಿಜ್ಞಾನ ದಿನಕ್ಕೆ ಪಿಟೀಲೂ ಬರಲಿ

ಮಾನ್ಯರೇ,

ಫೆಬ್ರುವರಿ 28 ಬಂತೆಂದರೆ ಶಾಲೆಗಳಲ್ಲಿ ಸಿ.ವಿ. ರಾಮನ್ ಫೋಟೊಗೆ ಹಾರ ಬೀಳುತ್ತದೆ. ಬೆಳಕಿನ ಚದುರುವಿಕೆ ಬಗ್ಗೆ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಒಳ್ಳೆಯದೇ. ಆದರೆ ಆ ಶೋಧಕ್ಕೆ ಹತ್ತು ವರ್ಷ ಮೊದಲು ಇದೇ ರಾಮನ್ ಕಲ್ಕತ್ತೆಯಲ್ಲಿ ಪಿಟೀಲಿನ ಹಿಂದೆ ಬಿದ್ದಿದ್ದರು ಎಂದು ಯಾರೂ ಹೇಳುವುದಿಲ್ಲ.

ನಾನು ಮೈಸೂರಿನಲ್ಲಿ ಪಿಟೀಲು, ವೀಣೆ ರಿಪೇರಿ ಮಾಡುವವನು. ಹೊಸ ಕಮಾನು ಕೊಂಡ ಕೆಲವರು 'ಇದು ಕೆಟ್ಟಿದೆ, ಶಬ್ದವೇ ಬರಲ್ಲ' ಅಂತ ತರುತ್ತಾರೆ. ಕೆಟ್ಟಿರುವುದಿಲ್ಲ, ರೋಸಿನ್ ಹಚ್ಚಿರುವುದಿಲ್ಲ ಅಷ್ಟೆ. ಕಮಾನಿಗೆ ಕಟ್ಟಿದ ಒಣ ಕೂದಲು ತಂತಿಯ ಮೇಲೆ ಸುಮ್ನೆ ಜಾರಿಹೋಗುತ್ತದೆ. ಪೈನ್ ಮರದ ಈ ರಾಳ ಹಚ್ಚಿದರೆ ಕೂದಲು ತಂತಿಯನ್ನು ಹಿಡಿದು ಎಳೆದೊಯ್ಯುತ್ತದೆ. ಹಿಡಿತ ತಪ್ಪಿದ ಕೂಡಲೇ ತಂತಿ ಸರ್ರನೆ ಹಿಂದಕ್ಕೆ ಜಾರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. 440 ಕಂಪನದ ಸ್ವರವಾದರೆ ಸೆಕೆಂಡಿಗೆ 440 ಸಲ! ಅಂಟಿ ನಿಂತಾಗಿನ ಘರ್ಷಣೆಗಿಂತ ಜಾರುವಾಗಿನ ಘರ್ಷಣೆ ಕಡಿಮೆ ಎಂದು ಪಾಠದಲ್ಲಿ ಬರುತ್ತದಲ್ವಾ, ಪಿಟೀಲು ನುಡಿಯುವುದು ಅದರಿಂದಲೇ.

ಕಮಾನು ಎಳೆದಾಗ ಇಡೀ ತಂತಿ ನಯವಾಗಿ ಉಬ್ಬಿದಂತೆ ಕಾಣುತ್ತದೆ. ಅದು ಕಣ್ಣಿನ ಮೋಸ. ನಿಜದಲ್ಲಿ ಒಂದೇ ಒಂದು ಚೂಪಾದ ಮಡಿಕೆ ಬ್ರಿಡ್ಜಿನಿಂದ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ತಂತಿ ಒತ್ತಿದ ಬೆರಳಿನವರೆಗೆ ಓಡಿ ವಾಪಸ್ ಬರುತ್ತಿರುತ್ತದೆ. ಅದು ಕಮಾನನ್ನು ದಾಟುವಾಗಲೇ ತಂತಿ ಬಿಡುವುದು, ಅಂಟುವುದು. ಹಾಗಾಗಿ ಕಮಾನನ್ನು ಬೇಗ ಎಳೆದರೆ ನಾದ ಜೋರಾಗುತ್ತದೆಯೇ ಹೊರತು ಶ್ರುತಿ ಏರುವುದಿಲ್ಲ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲೇ ಈ ಮಡಿಕೆಯನ್ನು ವಿವರಿಸಿದ್ದರು. ರಾಮನ್ 1918ರಲ್ಲಿ ಅದರ ಲೆಕ್ಕಾಚಾರವನ್ನು ಇನ್ನೂ ಮುಂದಕ್ಕೆ ಒಯ್ದರು. ಆಮೇಲೆ ಪಿಟೀಲು ನುಡಿಸುವ ಯಂತ್ರವನ್ನೇ ಕಟ್ಟಿದರು. ಅದರಲ್ಲಿ ಕಮಾನು ಅಲುಗಾಡುವುದಿಲ್ಲ, ಪಿಟೀಲೇ ಹಿಂದೆ ಮುಂದೆ ಓಡಾಡುತ್ತದೆ! ಕಮಾನು ಬ್ರಿಡ್ಜಿಗೆ ಹತ್ತಿರವಾದಷ್ಟೂ ಒತ್ತಡ ಜಾಸ್ತಿ ಬೇಕೆಂದು ಅದರಲ್ಲಿ ಅಳೆದು ತೋರಿಸಿದರು. ನಮ್ಮ ಗುರುಗಳು ಬೈದು ಬೈದು ಕಲಿಸಿದ್ದೂ ಇದನ್ನೇ.

ಮುಂದಿನ ವಿಜ್ಞಾನ ದಿನಕ್ಕೆ ಶಾಲೆಗಳು ಒಂದು ಪಿಟೀಲು, ಎರಡು ಕಮಾನು ಮೇಜಿನ ಮೇಲಿಡಲಿ. ಒಂದಕ್ಕೆ ರೋಸಿನ್ ಇರಲಿ, ಇನ್ನೊಂದಕ್ಕೆ ಬೇಡ. ಎರಡನ್ನೂ ಮಕ್ಕಳೇ ಎಳೆದು ನೋಡಲಿ. ಕೂದಲನ್ನು ಮಾತ್ರ ಮುಟ್ಟಲು ಬಿಡಬೇಡಿ. ಕೈಯ ಜಿಡ್ಡು ತಾಗಿದರೆ ರೋಸಿನ್ ಹಿಡಿಯುವುದಿಲ್ಲ, ಆಮೇಲೆ ಕಮಾನು ನನ್ನಂಥವರ ಅಂಗಡಿಗೇ ಬರಬೇಕಾಗುತ್ತದೆ.

– ಪಿಟೀಲು ರಿಪೇರಿಯವನು, ಮೈಸೂರು